ನಮ್ಮ ಎರೆಮಣ್ಣಿನ ಬೆಂಕಿ ಇಂದಿಗೂ ಉರಿಯುವ ದ್ವೀಪ

ನನ್ನ ಕೈಯಲ್ಲಿರುವ ಈ ಕಲ್ಲು ವಿಜಯಪುರದ ಬಳಿ ನಮ್ಮ ಹೊಲದ ಬದುವಿನಲ್ಲಿ ಸಿಕ್ಕಿದ್ದು. ಹೊರಗೆ ತುಕ್ಕಿನ ಬಣ್ಣ, ಒಡೆದ ಮಗ್ಗುಲಲ್ಲಿ ಬೂದುಗಪ್ಪು. ಗಾತ್ರಕ್ಕೆ ಮೀರಿದ ತೂಕ. ಗೋಳಗುಮ್ಮಟದ ಗೋಡೆಗಳೂ ಇದೇ ಜಾತಿಯ ಕಲ್ಲಿನವು. ಇದು ಬಸಾಲ್ಟ್, ಅಂದರೆ ಆರಿದ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರಪದರವಾಗಿ ಹರಡಿ ಇಂದಿನ ಮಹಾರಾಷ್ಟ್ರದ ಬಹುಭಾಗವನ್ನೂ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ನೆಲವನ್ನೂ ಮುಚ್ಚಿತು. ಆ ಕಲ್ಲು ಯುಗಯುಗಗಳ ಬಿಸಿಲಿಗೂ ಮಳೆಗೂ ಸವೆದು ಆದದ್ದೇ ನಾವು ಬಿಳಿಜೋಳ ಬಿತ್ತುವ ಎರೆಮಣ್ಣು.

ಭೂಮಿಯ ಆಳದಲ್ಲಿದ್ದು ಆ ಲಾವಾವನ್ನು ಉಕ್ಕಿಸಿದ ಒಲೆ ಇನ್ನೂ ಆರಿಲ್ಲ ಎಂಬುದು ಬಹುಪಾಲು ಭೂವಿಜ್ಞಾನಿಗಳು ಒಪ್ಪಿರುವ ಮಾತು. ಒಲೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಅದರ ಮೇಲಿದ್ದ ನಮ್ಮ ನೆಲ ಉತ್ತರಕ್ಕೆ ಸರಿದು ಬಂದಿದೆ. ಉರಿಯುವ ದೀಪದ ಮೇಲೆ ಒಂದು ಕಾಗದವನ್ನು ನಿಧಾನವಾಗಿ ಎಳೆದರೆ ಸುಟ್ಟ ಕಲೆಗಳ ಸಾಲು ಮೂಡುತ್ತದೆಯಲ್ಲವೆ? ಹಾಗೆಯೇ ಹಿಂದೂ ಮಹಾಸಾಗರದ ತಳದಲ್ಲಿ ಒಂದು ಸಾಲು ಮೂಡಿದೆ. ದಖ್ಖನ್ ಪ್ರಸ್ಥಭೂಮಿಯಿಂದ ಹೊರಟು, ಲಕ್ಷದ್ವೀಪ ಮತ್ತು ಮಾಲ್ಡೀವ್ಸ್‌ಗಳನ್ನು ಹೊತ್ತಿರುವ ಸಾಗರದಡಿಯ ಬೆಟ್ಟಸಾಲನ್ನು ದಾಟಿ, ಚಾಗೋಸ್ ದ್ವೀಪಗಳು, ಅಲ್ಲಿಂದ ಮಾರಿಷಸ್, ಕೊನೆಗೆ ಮಡಗಾಸ್ಕರಿನ ಪೂರ್ವಕ್ಕಿರುವ ರಿಯೂನಿಯನ್ ದ್ವೀಪ. ಒಲೆ ಈಗಿರುವುದು ಅದರಡಿಯಲ್ಲಿ. ನಾನು ಅಲ್ಲಿಗೆ ಹೋದದ್ದು ಈ ಕಾರಣಕ್ಕೆ. ನೀವೂ ಹೋಗಬೇಕೆಂದು ನಾನು ಹೇಳುವುದೂ ಮುಖ್ಯವಾಗಿ ಈ ಕಾರಣಕ್ಕೆ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಲಾವಾ ಆರಿ ಆದವೇ, ಆದರೆ ಅವು ಈ ಒಲೆಯವಲ್ಲ. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ; ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಬೇರೊಂದು ಕಥೆ ಅದು. ಎರಡನ್ನೂ ಕಲಸಬಾರದು.

ರಿಯೂನಿಯನ್ ದೊಡ್ಡ ದ್ವೀಪವಲ್ಲ. ವಿಸ್ತೀರ್ಣ ಸುಮಾರು 2500 ಚದರ ಕಿಲೋಮೀಟರ್, ನಮ್ಮ ಕೊಡಗು ಜಿಲ್ಲೆಗಿಂತ ಬಹಳ ಚಿಕ್ಕದು. ಫ್ರಾನ್ಸಿನ ಆಡಳಿತ, ಯೂರೋ ನಾಣ್ಯ, ಶಾಲೆ ಕಚೇರಿಗಳಲ್ಲಿ ಫ್ರೆಂಚ್, ಮನೆಯಲ್ಲೂ ಸಂತೆಯಲ್ಲೂ ಕ್ರಿಯೋಲ್ ಎಂಬ ಫ್ರೆಂಚ್ ಬೆರಕೆಯ ನುಡಿ. ಹದಿನೇಳನೆಯ ಶತಮಾನದ ನಡುವಿನವರೆಗೆ ಅಲ್ಲಿ ಜನವಸತಿಯೇ ಇರಲಿಲ್ಲ. ಇಷ್ಟು ಪುಟ್ಟ ನೆಲದ ಮೇಲೆ ಎರಡು ಮಹಾ ಬೆಟ್ಟಗಳು ನಿಂತಿವೆ. ಒಂದು ಪಿತೋಂ ದೆ ನೇಜ್, ಅಂದರೆ ಹಿಮದ ಶಿಖರ: 3070 ಮೀಟರ್ ಎತ್ತರದ, ಬಹುಕಾಲದಿಂದ ತಣ್ಣಗಿರುವ ಹಳೆಯ ಜ್ವಾಲಾಮುಖಿ. ನಮ್ಮ ಪಶ್ಚಿಮಘಟ್ಟದ ಯಾವ ಶಿಖರವೂ, ಆನಮುಡಿ ಕೂಡ, ಅಷ್ಟು ಎತ್ತರವಿಲ್ಲ. ಇನ್ನೊಂದು ಪಿತೋಂ ದ ಲಾ ಫುರ್ನೇಜ್, ಅಂದರೆ ಕುಲುಮೆಯ ಶಿಖರ: 2632 ಮೀಟರ್, ಇಂದಿಗೂ ಉರಿಯುತ್ತಿರುವುದು. ಹದಿನೇಳನೆಯ ಶತಮಾನದಿಂದ ಈಚೆಗೆ ಅದು 150ಕ್ಕೂ ಹೆಚ್ಚು ಬಾರಿ ಉಕ್ಕಿದೆ.

ಹವೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ನೀವು ಏನನ್ನು ನೋಡುತ್ತೀರಿ, ಏನನ್ನು ಕಳೆದುಕೊಳ್ಳುತ್ತೀರಿ ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ನಮ್ಮಲ್ಲಿ ಮುಂಗಾರು ಪಶ್ಚಿಮದಿಂದ ಬಂದು ಘಟ್ಟಕ್ಕೆ ಅಪ್ಪಳಿಸುತ್ತದೆ. ಕರಾವಳಿ ತೋಯುತ್ತದೆ, ವಿಜಯಪುರ ಒಣಗುತ್ತದೆ. ಅಲ್ಲಿ ಗಾಳಿ ಆಗ್ನೇಯದಿಂದ ಬರುತ್ತದೆ; ಆದ್ದರಿಂದ ಪೂರ್ವದ ತೀರ ತೋಯುತ್ತದೆ, ಪಶ್ಚಿಮದ ತೀರ ಒಣಗುತ್ತದೆ. ತೋಯುವುದೆಂದರೆ ಎಷ್ಟು? 2007ರ ಫೆಬ್ರವರಿಯಲ್ಲಿ ಗಮೇಡ್ ಚಂಡಮಾರುತ ಬಂದಾಗ ಕೊಮರ್ಸೋಂ ಎಂಬ ಕುಳಿಯ ಬಳಿ ಮೂರೇ ದಿನಗಳಲ್ಲಿ 3929 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಆಗುಂಬೆಗೆ ಇಡೀ ವರ್ಷದಲ್ಲಿ ಬೀಳುವ ಮಳೆಯ ಅರ್ಧದಷ್ಟು ಅದು. 1966ರ ಜನವರಿಯಲ್ಲಿ ಫೋಕ್ ಫೋಕ್ ಎಂಬಲ್ಲಿ ಒಂದೇ ದಿನ 1825 ಮಿಲಿಮೀಟರ್ ಬಿದ್ದಿತ್ತು. ಇವೆರಡೂ ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿರುವ ಜಾಗತಿಕ ಗರಿಷ್ಠಗಳು. ಆದುದರಿಂದ ಡಿಸೆಂಬರಿನಿಂದ ಮಾರ್ಚಿಯವರೆಗಿನ ಚಂಡಮಾರುತದ ಕಾಲವನ್ನು ಬಿಟ್ಟು, ಮೇ ತಿಂಗಳಿನಿಂದ ನವೆಂಬರಿನ ನಡುವೆ ಹೋಗಿ. ಆಗ ಅಲ್ಲಿ ಚಳಿಗಾಲ. ತೀರದಲ್ಲಿ ಹಿತವಾಗಿರುತ್ತದೆ, ಬೆಟ್ಟದ ಮೇಲೆ ನಡುಕ ಹುಟ್ಟುತ್ತದೆ.

ಒಳ್ಳೆಯ ಕಾಲದಲ್ಲೂ ದಿನದೊಳಗೆ ಒಂದು ನಿಯಮವಿದೆ. ಬೆಳಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ. ಹೊತ್ತೇರಿದಂತೆ ಸಮುದ್ರದ ತೇವ ಇಳಿಜಾರನ್ನು ಹತ್ತಿ ಮೋಡವಾಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಕಣಿವೆಗಳು ಮುಚ್ಚಿಹೋಗುತ್ತವೆ. ಇದನ್ನು ನಾನು ಓದಿಕೊಂಡೇ ಹೋಗಿದ್ದೆ. ಆದರೂ ಮೊದಲ ದಿನ ನಿದ್ದೆ ಮುಗಿಸಿ, ನಿಧಾನವಾಗಿ ತಿಂಡಿ ತಿಂದು, ಸುಮಾರು 2200 ಮೀಟರ್ ಎತ್ತರದ ಮಾಯಿದೋ ಎಂಬ ನೋಟದ ತಾಣವನ್ನು ಹನ್ನೊಂದು ಗಂಟೆಗೆ ತಲುಪಿದೆ. ಕಟಾಂಜನದ ಆಚೆ ಬಿಳಿಯ ಗೋಡೆಯಲ್ಲದೆ ಬೇರೇನೂ ಕಾಣಲಿಲ್ಲ. ಮರುದಿನ ನಸುಕಿನಲ್ಲೇ ಹೊರಟು ಸೂರ್ಯ ಹುಟ್ಟುವ ಹೊತ್ತಿಗೆ ಅದೇ ಕಟಾಂಜನಕ್ಕೆ ಆತು ನಿಂತಾಗ, ನನ್ನ ಕಾಲಡಿಯಿಂದ ನೆಲ ಸಾವಿರ ಮೀಟರಿಗೂ ಹೆಚ್ಚು ಕೆಳಕ್ಕೆ ಕಡಿದುಬಿದ್ದಿತ್ತು. ಆ ಆಳದಲ್ಲಿ ಕಾಳಿನಷ್ಟು ಮನೆಗಳಿದ್ದವು, ಒಂದರ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ನಿಮ್ಮ ಪ್ರವಾಸದ ಯೋಜನೆಯಲ್ಲಿ ಉಳಿದೆಲ್ಲವನ್ನೂ ಮರೆತರೂ ಪರವಾಗಿಲ್ಲ, ಬೆಳಗಿನ ಐದು ಗಂಟೆಯನ್ನು ಮಾತ್ರ ಮರೆಯಬೇಡಿ.

ಈಗ ಜ್ವಾಲಾಮುಖಿಗೆ ಬರೋಣ. ಬೂರ್ ಮ್ಯೂರಾ ಎಂಬ ಊರಿನಿಂದ ರಸ್ತೆ ಮೇಲೇರುತ್ತದೆ. ಕುಲುಮೆಯ ಶಿಖರದ ನಾಡಿ ನೋಡುವ ವೀಕ್ಷಣಾಲಯ ಇರುವುದು ಈ ಊರಿನಲ್ಲೇ. ಜ್ವಾಲಾಮುಖಿಯ ಕುರಿತ ವಸ್ತುಸಂಗ್ರಹಾಲಯವೂ ಇಲ್ಲಿದೆ. ಮೊದಲು ಹಸುಗಳು ಮೇಯುವ ಹಸಿರು ಗೋಮಾಳ, ಆಮೇಲೆ ಕುರುಚಲು, ಆಮೇಲೆ ಒಂದು ತಿರುವಿನಲ್ಲಿ ಹಸಿರು ಪೂರ್ತಿ ನಿಂತುಹೋಗುತ್ತದೆ. ಕೆಳಗೆ ಕಂದು ಕೆಂಪು ಬಣ್ಣದ, ಮರವಿಲ್ಲದ ವಿಶಾಲ ಬಯಲು ಕಾಣುತ್ತದೆ. ಇದು ಪ್ಲೇನ್ ದೆ ಸಾಬ್ಲ್, ಮರಳಿನ ಬಯಲು. ಮರಳೆಂದರೆ ಇಲ್ಲಿ ಜ್ವಾಲಾಮುಖಿಯಿಂದ ಚಿಮ್ಮಿ ಆರಿದ ಹರಳುಗಲ್ಲು. ಇಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಬೆಳಗಿನ ಹೊತ್ತು ನಿಮ್ಮ ಉಸಿರಿನ ಸದ್ದು ನಿಮಗೇ ಕೇಳಿಸುವಷ್ಟು ಮೌನವಿರುತ್ತದೆ.

ರಸ್ತೆ ಮುಗಿಯುವುದು ಪಾ ದ ಬೆಲ್‌ಕೋಂಬ್ ಎಂಬಲ್ಲಿ, 2300 ಮೀಟರಿಗೂ ಮೇಲೆ. ಅಲ್ಲಿಂದ ಮುಂದೆ ಕಡಿದಾದ ಬಂಡೆಗೋಡೆ. ಐನೂರಕ್ಕೂ ಹೆಚ್ಚು ಮೆಟ್ಟಿಲಿಳಿದು ನೀವು ಜ್ವಾಲಾಮುಖಿಯ ಅಂಗಳಕ್ಕೆ ಬರುತ್ತೀರಿ. ಹಿಂದೊಮ್ಮೆ ಬೆಟ್ಟದ ತಲೆ ಕುಸಿದು ಆದ ಈ ಅಂಗಳಕ್ಕೆ ಮೂರು ಕಡೆ ಬಂಡೆಯ ಗೋಡೆ, ನಾಲ್ಕನೆಯ ಕಡೆ ಸಮುದ್ರ. ಹೆಚ್ಚಿನ ಸ್ಫೋಟಗಳು ಈ ಗೋಡೆಗಳೊಳಗೇ ಆಗುವುದರಿಂದ ಲಾವಾ ಊರುಗಳತ್ತ ಹರಿಯದೆ, ಜನವಿಲ್ಲದ ಇಳಿಜಾರಿನಲ್ಲಿ ಸಮುದ್ರದ ಕಡೆಗೆ ಇಳಿಯುತ್ತದೆ. ಇಷ್ಟು ಸಲ ಉಕ್ಕುವ ಬೆಟ್ಟದ ಮಗ್ಗುಲಲ್ಲಿ ಜನ ನೆಮ್ಮದಿಯಿಂದ ಬಾಳುವುದು ಸಾಧ್ಯವಾಗಿರುವುದು ಇದರಿಂದ.

ಮೆಟ್ಟಿಲಿಳಿದ ಕೂಡಲೇ ಎದುರಾಗುವ ಕೆಂಪನೆಯ ಪುಟ್ಟ ದಿಬ್ಬದ ಹೆಸರು ಫೋರ್ಮಿಕಾ ಲೆಯೋ. 1753ರ ಸ್ಫೋಟದಲ್ಲಿ ಹುಟ್ಟಿದ್ದು. ನಮ್ಮ ಹಳ್ಳಿಗಳಲ್ಲಿ ಜಗಲಿಯಡಿಯ ದೂಳಿನಲ್ಲಿ ಆಲಿಕೆಯಂಥ ಕುಳಿ ತೋಡಿ ಇರುವೆ ಹಿಡಿಯುವ ಒಂದು ಹುಳುವಿದೆ; ಚಿಕ್ಕಂದಿನಲ್ಲಿ ಕಡ್ಡಿಯಿಂದ ಕೆಣಕಿ ಅದನ್ನು ಹೊರಗೆಳೆದವರು ಇಲ್ಲಿ ಅನೇಕರಿರಬಹುದು. ದಿಬ್ಬದ ನೆತ್ತಿಯ ಕುಳಿ ಆ ಹುಳುವಿನ ಕುಳಿಯಂತಿದೆಯೆಂದು ಅದರ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದಾರೆ.

ಅಲ್ಲಿಂದ ಮುಂದೆ ಹಾದಿಯೆಂಬುದಿಲ್ಲ, ಬರಿಯ ಲಾವಾ. ಹೋಗಬೇಕಾದ ದಿಕ್ಕಿಗೆ ಬಂಡೆಗಳ ಮೇಲೆ ಬಿಳಿಯ ಬಣ್ಣದ ಗುರುತು ಹಾಕಿದ್ದಾರೆ. ಒಂದು ಗುರುತಿನ ಬಳಿ ನಿಂತು ಮುಂದಿನದನ್ನು ಕಣ್ಣಿನಿಂದ ಹುಡುಕಿ, ಕಂಡ ಮೇಲೆ ಹೆಜ್ಜೆ ಇಡಬೇಕು. ಮಂಜು ಕವಿದರೆ ಜೀವ ಕಾಯುವುದು ಇವೇ. ಲಾವಾದಲ್ಲಿ ಎರಡು ಬಗೆ. ಒಂದು ನುಣುಪಾಗಿ ಹರಿದು, ಮೇಲ್ಮೈ ಕೆನೆಗಟ್ಟಿದಂತೆ ಸುಕ್ಕುಗಟ್ಟಿ, ಹುರಿಹಗ್ಗಗಳನ್ನು ಜೋಡಿಸಿಟ್ಟಂತೆ ಆರಿರುತ್ತದೆ. ಬಗ್ಗಿ ನೋಡಿದರೆ ಒಂದೊಂದು ಎಳೆಯೂ ಕಾಣುತ್ತದೆ, ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತದೆ. ಅದರ ಮೇಲೆ ನಡೆಯುವುದು ಸುಲಭ. ಇನ್ನೊಂದು, ಅಲ್ಲಿನವರು ಗ್ರಾತೋಂ ಎನ್ನುವುದು, ಒಡೆದ ಇಟ್ಟಿಗೆಯ ರಾಶಿಯಂತೆ ಚೂಪುಚೂಪಾಗಿರುತ್ತದೆ. ಅದರ ಮೇಲೆ ನಾನೊಮ್ಮೆ ಜಾರಿ ಕೈಯೂರಿದೆ. ಅಂಗೈಯ ಚರ್ಮ ತುರಿಮಣೆಗೆ ಉಜ್ಜಿದಂತೆ ಕಿತ್ತುಬಂತು. ಆದ್ದರಿಂದ ಗಟ್ಟಿ ಅಟ್ಟೆಯ ಬೂಟು, ಉದ್ದನೆಯ ಪ್ಯಾಂಟು, ಸಾಧ್ಯವಾದರೆ ಕೈಗವಸು ಇರಲಿ. ನೆರಳು ಎಲ್ಲಿಯೂ ಇಲ್ಲ, ನೀರೂ ಇಲ್ಲ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು ಬೆನ್ನಮೇಲಿರಬೇಕು.

ನಡುವೆ ರೋಸ್‌ಮೋಂ ಚಾಪೆಲ್ ಎಂಬ ಪೊಳ್ಳು ದಿಬ್ಬ ಸಿಗುತ್ತದೆ. ಲಾವಾ ಉಗುಳಿ ಉಗುಳಿ ಕಟ್ಟಿಕೊಂಡ ಅದರ ಬಾಯಿ ಪುಟ್ಟ ಗುಡಿಯ ಬಾಗಿಲಂತಿದೆ. ಅಲ್ಲಿಂದ ಏರು ಶುರು. ಮೇಲೆ ತಲುಪಿದಾಗ ಕಾಣುವುದು ದೊಲೊಮಿಯೊ ಕುಳಿ. 2007ರ ಏಪ್ರಿಲ್‌ನಲ್ಲಿ ಕೆಳಗಿನ ಶಿಲಾರಸ ಸಮುದ್ರದ ಕಡೆಗೆ ಬಸಿದುಹೋದಾಗ, ಆಧಾರ ತಪ್ಪಿದ ಈ ಕುಳಿಯ ತಳ ಕೆಲವೇ ದಿನಗಳಲ್ಲಿ 300 ಮೀಟರಿಗೂ ಹೆಚ್ಚು ಕುಸಿಯಿತು. ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್; ಅಂಥ ಆರು ಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೂ ತುಂಬದ ಆಳ. ಅಂಚಿಗೆ ಹೋಗಬೇಡಿ, ಅಂಚು ಈಗಲೂ ಉದುರುತ್ತಿದೆ, ಗುರುತು ಹಾಕಿದ ಜಾಗದಲ್ಲಿ ನಿಂತೇ ನೋಡಬೇಕು. ನೋಡಿದ ಗೋಡೆಯಲ್ಲಿ ಪದರದ ಮೇಲೆ ಪದರ, ಒಂದೊಂದು ಪದರವೂ ಒಂದೊಂದು ಹರಿವು. ನಮ್ಮ ಕಡೆ ಹೊಸ ಬಾವಿ ತೋಡಿದಾಗ ಗೋಡೆಯಲ್ಲಿ ಕರಿಕಲ್ಲಿನ ಪಟ್ಟಿ, ಕೆಂಪು ಪಟ್ಟಿ, ಮತ್ತೆ ಕರಿಕಲ್ಲು ಕಾಣುತ್ತದೆಯಲ್ಲ, ಅದೇ ಪುಸ್ತಕದ ಹೊಸ ಪುಟ ಇದು. ಹೋಗಿ ಬರಲು ಐದು ಗಂಟೆಯಾದರೂ ಬೇಕು. ನನಗೆ ಆರೂವರೆ ಹಿಡಿಯಿತು, ಒಂದು ನಿಮಿಷವೂ ಹೆಚ್ಚಾಯಿತೆನ್ನಿಸಲಿಲ್ಲ.

ಸ್ಫೋಟವನ್ನೇ ನೋಡಬಹುದೇ ಎಂದು ಮುಂದಿನ ಸಾಲಿನಲ್ಲಿರುವವರು ಕೇಳುತ್ತಿದ್ದಾರೆ. ಅದೃಷ್ಟವಿದ್ದರೆ ನೋಡಬಹುದು. ನೆಲದ ನಡುಕ, ಉಬ್ಬು, ಅನಿಲಗಳನ್ನು ವೀಕ್ಷಣಾಲಯ ಹಗಲಿರುಳೂ ಅಳೆಯುತ್ತದೆ. ಸೂಚನೆ ಕಂಡೊಡನೆ ಆಡಳಿತ ಎಚ್ಚರಿಕೆ ಹೊರಡಿಸಿ ಮೆಟ್ಟಿಲಿನ ಗೇಟು ಮುಚ್ಚುತ್ತದೆ. ಆಗ ಜನ ದೂರದಿಂದ, ಅನುಮತಿಯಿರುವ ಕಾಲುದಾರಿಗಳಿಂದ, ರಾತ್ರಿಯಲ್ಲಿ ಕೆಂಪು ಹರಿವನ್ನು ನೋಡುತ್ತಾರೆ. ಗೇಟು ಮುಚ್ಚಿದ್ದರೆ ಹಾರಿ ಒಳಗೆ ಹೋಗುವ ಮಾತು ಆಡಲೇಬೇಡಿ. 1100 ಡಿಗ್ರಿಗೂ ಹೆಚ್ಚು ಕಾವಿನ ಲಾವಾಕ್ಕಿಂತ ಮೊದಲು ಮಂಜೂ ವಿಷಗಾಳಿಯೂ ದಾರಿ ತಪ್ಪಿಸುತ್ತವೆ.

ಇನ್ನು ಹಳೆಯ ಬೆಟ್ಟ, ಹಿಮದ ಶಿಖರ. ಅದರ ಸುತ್ತ ಮೂರು ಭಾರಿ ಬಾಣಲೆಗಳಿವೆ: ಸಲಾಜಿ, ಸಿಲಾವೋಸ್, ಮಫಾತ್. ಇವನ್ನು ಸರ್ಕ್ ಎನ್ನುತ್ತಾರೆ. ನೋಡಿದವರೆಲ್ಲ ಇವು ಜ್ವಾಲಾಮುಖಿಯ ಬಾಯಿಗಳೆಂದುಕೊಳ್ಳುತ್ತಾರೆ, ಆದರೆ ಅಲ್ಲ. ಬೆಂಕಿ ಕಟ್ಟಿದ ಬೆಟ್ಟ ಮಗ್ಗುಲು ಮಗ್ಗುಲಾಗಿ ಕುಸಿದು, ಆ ಗಾಯಗಳನ್ನು ಮಳೆ ಕೊರೆದು ಕೊರೆದು ಆದ ಕಣಿವೆಗಳು ಇವು. ಈ ಶಿಖರ, ಸರ್ಕ್ ಮತ್ತು ಬಂಡೆಗೋಡೆಗಳನ್ನು ಯುನೆಸ್ಕೊ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದ್ವೀಪದ ಸುಮಾರು ಐದರಲ್ಲಿ ಎರಡು ಭಾಗ ರಾಷ್ಟ್ರೀಯ ಉದ್ಯಾನದ ಒಡಲು. ಅಲ್ಲಿಂದ ಒಂದು ಕಲ್ಲನ್ನೂ ತರುವಂತಿಲ್ಲ, ಅದಕ್ಕೇ ನಾನು ನಿಮಗೆ ನಮ್ಮ ಹೊಲದ ಕಲ್ಲನ್ನು ತೋರಿಸಿದ್ದು.

ಸಲಾಜಿ ಮಳೆಯ ಮಡಿಲು. ರಸ್ತೆಯುದ್ದಕ್ಕೂ ಬಂಡೆಗಳಿಂದ ನೀರು ಇಳಿಯುತ್ತಿರುತ್ತದೆ. ಮದುಮಗಳ ಮುಸುಕು ಎಂಬ ಜಲಪಾತವಂತೂ ಹೆಸರಿಗೆ ತಕ್ಕಂತಿದೆ. ಇಳಿಜಾರುಗಳ ಮೇಲೆಲ್ಲ ಚಪ್ಪರ ಹಾಕಿ ಒಂದು ಬಳ್ಳಿಯನ್ನು ಹಬ್ಬಿಸಿದ್ದಾರೆ, ಅದರ ಹೆಸರು ಶುಶು. ಹತ್ತಿರ ಹೋಗಿ ನೋಡಿದರೆ ನಮ್ಮ ಸೀಮೆಬದನೆಕಾಯಿ! ಕಾಯಿ, ಕುಡಿ ಎಲ್ಲವನ್ನೂ ತಿನ್ನುತ್ತಾರೆ. ಕುಡಿಯ ಪಲ್ಯವನ್ನು ನಾನು ಮೂರು ದಿನ ಬಿಡದೆ ಉಂಡೆ. ಕಣಿವೆಯ ತುದಿಯ ಎಲ್‌ಬೂರ್ ಹಳ್ಳಿಯ ಹಳೆಯ ಮರದ ಮನೆಗಳನ್ನು ನೋಡಲು ಅರ್ಧ ದಿನ ಸಾಕು.

ಸಿಲಾವೋಸ್‌ಗೆ ಹೋಗುವ ರಸ್ತೆಗೆ ನಾನ್ನೂರು ತಿರುವುಗಳೆಂದು ಹೆಸರು. ಎಣಿಸಿದವರು ಯಾರೋ ನನಗೆ ಗೊತ್ತಿಲ್ಲ, ಆದರೆ ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಮಾತ್ರೆ ತೆಗೆದುಕೊಂಡೇ ಹತ್ತಬೇಕು. ಬಿಸಿನೀರಿನ ಊಟೆ, ಹೆಸರುವಾಸಿಯಾದ ಮಸೂರ ಬೇಳೆ, ಹಗ್ಗ ಕಟ್ಟಿ ಝರಿಯೊಳಗೆ ಇಳಿಯುವ ಸಾಹಸ, ಎಲ್ಲವೂ ಇಲ್ಲಿವೆ. ಹಿಮದ ಶಿಖರಕ್ಕೆ ಹತ್ತುವವರು ಹೆಚ್ಚಾಗಿ ಹೊರಡುವುದೂ ಇಲ್ಲಿಂದಲೇ. ಮಧ್ಯಾಹ್ನ ಹತ್ತಲು ಆರಂಭಿಸಿ, ಸುಮಾರು 2480 ಮೀಟರ್ ಎತ್ತರದಲ್ಲಿರುವ ತಂಗುಮನೆಯಲ್ಲಿ ರಾತ್ರಿ ಮಲಗಿ, ಬೆಳಗಿನ ಜಾವ ಮೂರಕ್ಕೆ ಎದ್ದು ತಲೆದೀಪದ ಬೆಳಕಿನಲ್ಲಿ ಉಳಿದದ್ದನ್ನು ಏರುತ್ತಾರೆ. ಕುಮಾರಪರ್ವತ ಹತ್ತಿ ಅಭ್ಯಾಸವಿರುವವರಿಗೆ ಕಾಲಿನ ಶ್ರಮ ಹೊಸದಲ್ಲ, ಚಳಿ ಹೊಸದು. ಉಷ್ಣವಲಯದ ದ್ವೀಪವೆಂದು ಒಂದೇ ಅಂಗಿಯಲ್ಲಿ ಹೋದವರು ತುದಿಯಲ್ಲಿ ಹತ್ತು ನಿಮಿಷವೂ ನಿಲ್ಲಲಾರರು.

ಮೂರರಲ್ಲಿ ನನ್ನ ಮನಸ್ಸು ಉಳಿದಿರುವುದು ಮಫಾತ್‌ನಲ್ಲಿ. ಅಲ್ಲಿಗೆ ರಸ್ತೆಯಿಲ್ಲ. ಕೆಲವು ನೂರು ಜನ ಅಲ್ಲಿ ಇಲೇ ಎಂದು ಕರೆಯುವ ಚಿಕ್ಕ ಚಿಕ್ಕ ಸಮತಟ್ಟುಗಳ ಮೇಲೆ ಮನೆ ಮಾಡಿಕೊಂಡಿದ್ದಾರೆ; ಸಾಮಾನು ಹೆಲಿಕಾಪ್ಟರಿನಲ್ಲಿ ಬರುತ್ತದೆ, ಮನುಷ್ಯರು ನಡೆದು ಬರುತ್ತಾರೆ, ಬೆಳಕು ಸೂರ್ಯನ ಫಲಕಗಳಿಂದ. ಸಲಾಜಿಯ ಕಡೆಯಿಂದ ಕೋಲ್ ದೆ ಬೊಫ್ ಎಂಬ ಕಣಿವೆದಾರಿ ದಾಟಿ ಇಳಿದರೆ ಎರಡು ಗಂಟೆಯಲ್ಲಿ ಲಾ ನೂವೆಲ್ ಎಂಬ ಹಳ್ಳಿ. ದಾರಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಪುಟ್ಟ ಹಕ್ಕಿ, ಅದರ ಹೆಸರೇ ಟೆಕ್‌ಟೆಕ್, ತನ್ನ ಹೆಸರನ್ನೇ ಕೂಗುತ್ತ ನಿಮ್ಮ ಮುಂದೆ ಮುಂದೆ ಕುಪ್ಪಳಿಸಿ ಬರುತ್ತದೆ. ನಾನು ಕುಳಿತು ಬ್ರೆಡ್ಡು ಬಿಚ್ಚಿದಾಗ ಬೂಟಿನ ತುದಿಯವರೆಗೂ ಬಂದು ನಿಂತು ನನ್ನನ್ನೇ ನೋಡಿತು.

ಆ ಜನ ಅಲ್ಲಿಗೆ ಏಕೆ ಹೋದರು ಎಂಬುದನ್ನು ತಿಳಿಯದೆ ಮಫಾತ್‌ನಲ್ಲಿ ನಡೆಯಬಾರದು. ಫ್ರೆಂಚರು ಮಡಗಾಸ್ಕರಿನಿಂದಲೂ ಆಫ್ರಿಕಾದಿಂದಲೂ ಗುಲಾಮರನ್ನು ತಂದು ಕಾಫಿ, ಕಬ್ಬಿನ ತೋಟಗಳಲ್ಲಿ ದುಡಿಸಿದರು. ತಪ್ಪಿಸಿಕೊಂಡವರು ಬೆನ್ನಟ್ಟಿ ಬರುವವರಿಗೆ ಎಟುಕದ ಈ ಕಣಿವೆಗಳಿಗೆ ಓಡಿಬಂದರು. ಮಫಾತ್ ಎಂಬುದು ಹಾಗೆ ಬಂದು ನೆಲೆಸಿದ ಒಬ್ಬನ ಹೆಸರು. ಸಿಲಾವೋಸ್ ಎಂದರೆ ಮಡಗಾಸ್ಕರಿನ ನುಡಿಯಲ್ಲಿ ಬಿಟ್ಟುಹೋಗದ ಜಾಗ ಎಂಬ ಅರ್ಥ ಹೇಳುತ್ತಾರೆ. ತಪ್ಪಿಸಿಕೊಂಡವರನ್ನು ಹಿಡಿಯಲು, ಕೊಲ್ಲಲು ಬೇಟೆಗಾರರ ತಂಡಗಳಿದ್ದವು. 1848ರ ಡಿಸೆಂಬರ್ 20ರಂದು ಗುಲಾಮಗಿರಿ ರದ್ದಾಯಿತು. ಅಂದು ಬಿಡುಗಡೆಯಾದವರು 60 ಸಾವಿರಕ್ಕೂ ಹೆಚ್ಚು. ಇಂದಿಗೂ ಆ ದಿನ ಅಲ್ಲಿ ಹಬ್ಬ. ನಮಗೆ ಅಂದವಾಗಿ ಕಾಣುವ ಆ ಕಡಿದಾದ ಗೋಡೆಗಳು ಆ ಜನರಿಗೆ ಕೋಟೆಯಾಗಿದ್ದವು.

ಗುಲಾಮಗಿರಿಯ ಮಾತು ಬಂದಾಗ ಇನ್ನೊಬ್ಬನ ಹೆಸರು ಹೇಳದೆ ಮುಂದೆ ಹೋಗಲಾರೆ, ಅದೂ ಮಲೆನಾಡಿನವರು ಇಷ್ಟು ಜನ ಕುಳಿತಿರುವಾಗ. ಎಡ್ಮಂಡ್ ಆಲ್ಬಿಯಸ್. ಹೊರಗಿನಿಂದ ತಂದು ನೆಟ್ಟ, ಮೆಕ್ಸಿಕೊ ಮೂಲದ ವೆನಿಲ್ಲಾ ಬಳ್ಳಿ ಈ ದ್ವೀಪದಲ್ಲಿ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಅದರ ಪರಾಗ ಮುಟ್ಟಿಸುವ ಜೇನು ಇಲ್ಲಿರಲಿಲ್ಲ. 1841ರಲ್ಲಿ, ಹನ್ನೆರಡು ವರ್ಷದ ಗುಲಾಮ ಹುಡುಗ ಎಡ್ಮಂಡ್ ಒಂದು ಕಡ್ಡಿಯಿಂದ ಹೂವಿನೊಳಗಿನ ತೆಳ್ಳನೆಯ ತೆರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಗಂಡು ಭಾಗವನ್ನು ಹೆಣ್ಣು ಭಾಗಕ್ಕೆ ಒತ್ತಿದ. ಕಾಯಿ ಕಟ್ಟಿತು. ಇಂದು ಜಗತ್ತಿನಲ್ಲಿ ವೆನಿಲ್ಲಾ ಬೆಳೆಯುವವರೆಲ್ಲ ಮಾಡುವುದು ಅದನ್ನೇ. ಇಪ್ಪತ್ತು ವರ್ಷಗಳ ಹಿಂದೆ ಹಸಿ ವೆನಿಲ್ಲಾಕ್ಕೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ಶಿರಸಿ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಬೆಳಗಾಗುತ್ತಲೇ ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಓಡಾಡಿದ ನೀವೆಲ್ಲ ಆ ಹುಡುಗನ ಶಿಷ್ಯರು. ಹೂ ಅರಳುವುದು ಒಂದೇ ಬೆಳಗು, ಮಧ್ಯಾಹ್ನಕ್ಕೆ ಬಾಡುತ್ತದೆ. ದ್ವೀಪದ ಪೂರ್ವ ತೀರದ ಬ್ರಾ ಪಾನೋಂ ಊರಿನಲ್ಲಿ ಬೆಳೆಗಾರರ ಸಹಕಾರಿ ಸಂಘದ ಸಂಸ್ಕರಣಾ ಮನೆಯನ್ನು ನೋಡಬಹುದು: ಕಾಯಿಗಳನ್ನು ಬಿಸಿನೀರಿನಲ್ಲಿ ಅದ್ದುವುದು, ಕಂಬಳಿ ಸುತ್ತಿ ಬೆವರಿಸುವುದು, ಬಿಸಿಲಿಗಿಡುವುದು, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಹದಗೊಳಿಸುವುದು. ಹೂ ಇರುವ ಕಾಲದಲ್ಲಿ ಹೋದರೆ ಮದುವೆ ಮಾಡಿಸುವುದನ್ನೂ ತೋರಿಸುತ್ತಾರೆ. ಅಲ್ಲಿನವರು ಪರಾಗಸ್ಪರ್ಶಕ್ಕೆ ಮದುವೆ ಎಂದೇ ಹೇಳುತ್ತಾರೆ. ಎಡ್ಮಂಡ್ 1848ರಲ್ಲಿ ಬಿಡುಗಡೆಯಾದ. ಅವನ ಕೈಚಳಕದಿಂದ ಎಷ್ಟೋ ಜನ ಸಿರಿವಂತರಾದರು. ಅವನು 1880ರಲ್ಲಿ ಬಡತನದಲ್ಲೇ ಸತ್ತ.

ಸಮುದ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದು ಎಚ್ಚರಿಕೆಯ ಮಾತು. 2011ರಿಂದ ಶಾರ್ಕ್ ದಾಳಿಗಳು ಹೆಚ್ಚಿ ಜನ ಸತ್ತ ಮೇಲೆ, 2013ರಲ್ಲಿ ಹವಳದ ದಿಬ್ಬದೊಳಗಿನ, ಲಗೂನ್ ಎಂಬ ಆಳವಿಲ್ಲದ ನೀರು ಮತ್ತು ಕಾವಲಿರುವ ಜಾಗಗಳ ಹೊರಗೆ ಈಜುವುದನ್ನು ನಿಷೇಧಿಸಿದರು. ಪಶ್ಚಿಮ ತೀರದ ಎರ್ಮಿತಾಜ್, ಸಲೀನ್ ಲಗೂನ್‌ಗಳಲ್ಲಿ ಸೊಂಟದ ಮಟ್ಟದ ನೀರಿನಲ್ಲೇ ಕನ್ನಡಕ ಹಾಕಿ ಮುಖವಿಟ್ಟರೆ ಹವಳವೂ ಬಣ್ಣದ ಮೀನುಗಳೂ ಕಾಣುತ್ತವೆ. ಹವಳದ ಮೇಲೆ ಕಾಲಿಡಬಾರದು, ಅದು ಕಲ್ಲಲ್ಲ, ಜೀವ. ಸೇಂಟ್ ಲ್ಯೂ ಊರಿನಲ್ಲಿ ಕೆಲೋನಿಯಾ ಎಂಬ ಕಡಲಾಮೆಗಳ ಆರೈಕೆ ಕೇಂದ್ರವಿದೆ. ಅದೇ ಊರಿನ ಮೇಲಿನ ಬೆಟ್ಟದಿಂದ ಪ್ಯಾರಾಗ್ಲೈಡಿಂಗ್ ಮಾಡಬಹುದು. ಜುಲೈಯಿಂದ ಸೆಪ್ಟೆಂಬರಿನವರೆಗೆ ಗೂನು ಬೆನ್ನಿನ ತಿಮಿಂಗಿಲಗಳು ದಕ್ಷಿಣ ಧ್ರುವದ ಕಡೆಯಿಂದ ಮರಿ ಹಾಕಲು ಬರುತ್ತವೆ. ತೀರದಿಂದಲೇ ಅವು ಉಸಿರು ಚಿಮ್ಮುವುದು ಕಾಣುತ್ತದೆ.

ಊಟದ ಚಿಂತೆ ನಮ್ಮವರಿಗೆ ಬೇಡ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಭಾರತದಿಂದ, ಹೆಚ್ಚಾಗಿ ತಮಿಳು ಸೀಮೆಯಿಂದ, ಜನರನ್ನು ಹಡಗಿನಲ್ಲಿ ಒಯ್ದರು. ಅವರ ಸಂತತಿಯನ್ನು ಅಲ್ಲಿ ಮಲ್ಬಾರ್ ಎನ್ನುತ್ತಾರೆ. ಮನೆಮಾತು ಕ್ರಿಯೋಲ್ ಆಗಿದೆ, ಅಡುಗೆಯಲ್ಲಿ ಹಳೆಯ ಮಾತು ಉಳಿದಿದೆ: ಕರಿಬೇವು ಅಲ್ಲಿ ಕಲುಪಿಲೆ, ನುಗ್ಗೆಸೊಪ್ಪು ಬ್ರೆದ್ ಮುರುಂಗ್, ಉಪ್ಪಿನಕಾಯಿ ಅಶಾರ್. ಅನ್ನ, ಕಾಳಿನ ಸಾರು, ಸೊಪ್ಪು, ಮೇಲೆ ಟೊಮೆಟೊ ಮೆಣಸಿನಕಾಯಿಯ ಹಸಿ ಚಟ್ನಿ, ಅದು ರೂಗಾಯ್. ಸಸ್ಯಾಹಾರಿಗಳು ಕೇಳಿ ಪಡೆದರೆ ಹೊಟ್ಟೆ ತುಂಬ ಉಣ್ಣಬಹುದು. ಪೂರ್ವದ ಸೇಂಟ್ ಆಂದ್ರೆ ಊರಿನಲ್ಲಿ ಗೋಪುರದ ಗುಡಿಗಳಿವೆ. ದ್ರೌಪದಿಯ ಹೆಸರಿನಲ್ಲಿ ಅಲ್ಲಿ ಕೆಂಡ ಹಾಯುತ್ತಾರೆ. ಬೆಂಗಳೂರಿನ ಕರಗ ಕಂಡವರಿಗೆ, ನಮ್ಮ ಹಳ್ಳಿಗಳಲ್ಲಿ ಕೊಂಡ ಹಾಯುವುದನ್ನು ಕಂಡವರಿಗೆ ಅದು ಪರದೇಶದ ನೋಟ ಎನ್ನಿಸುವುದೇ ಇಲ್ಲ.

ಪ್ರವಾಸದ ಏರ್ಪಾಟಿನ ಬಗ್ಗೆ ಒಂದೆರಡು ಮಾತು. ರಿಯೂನಿಯನ್ ಫ್ರಾನ್ಸಿನದಾದರೂ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದೊಳಗಿಲ್ಲ. ಯುರೋಪಿನ ವೀಸಾ ಇದೆಯೆಂದು ನೆಚ್ಚಿಕೊಳ್ಳದೆ ಈ ದ್ವೀಪದ ನಿಯಮವನ್ನೇ ಕೇಳಿಕೊಂಡು ಹೊರಡಿ. ಬೆಟ್ಟದ ತಂಗುಮನೆಗಳನ್ನು ತಿಂಗಳುಗಳ ಮುಂಚೆ ಕಾಯ್ದಿರಿಸಬೇಕು. ಹತ್ತು ದಿನಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಮೋಡ ಕವಿದು ಒಂದು ದಿನ ಹಾಳಾದರೆ ಮರುದಿನ ಮತ್ತೆ ಹೋಗುವಷ್ಟು ಬಿಡುವಿರಬೇಕು.

ಕೊನೆಯ ದಿನವನ್ನು ನಾನು ಲಾವಾದ ರಸ್ತೆಗೆಂದು ಇಟ್ಟುಕೊಂಡಿದ್ದೆ. ದ್ವೀಪವನ್ನು ಸುತ್ತುವ ಹೆದ್ದಾರಿ ಆಗ್ನೇಯದಲ್ಲಿ ಗ್ರಾಂ ಬ್ರುಲೆ, ಅಂದರೆ ಮಹಾದಹನ ಎಂಬ ಇಳಿಜಾರನ್ನು ಅಡ್ಡ ಹಾಯುತ್ತದೆ. ಕುಲುಮೆಯ ಶಿಖರದಿಂದ ಇಳಿದ ಹರಿವುಗಳು ರಸ್ತೆಯನ್ನು ಮತ್ತೆ ಮತ್ತೆ ನುಂಗಿವೆ, ಜನ ಮತ್ತೆ ಮತ್ತೆ ಕಟ್ಟಿದ್ದಾರೆ. ಒಂದೊಂದು ಹರಿವಿನ ಬಳಿಯೂ ಅದರ ಇಸವಿಯ ಫಲಕವಿದೆ. ಉತ್ತರದ ಪಿತೋಂ ಸೇಂಟ್ ರೋಸ್ ಊರಿನಲ್ಲಿ, 1977ರಲ್ಲಿ ಅಪರೂಪಕ್ಕೆ ಗೋಡೆಯ ಹೊರಗೆ ಉಕ್ಕಿದ ಲಾವಾ ಮನೆಗಳನ್ನು ಸುಡುತ್ತ ಚರ್ಚಿನ ಹೊಸ್ತಿಲವರೆಗೆ ಬಂದು, ಅಲ್ಲಿ ಎರಡಾಗಿ ಸೀಳಿ ಗೋಡೆಗಳ ಎರಡೂ ಬದಿ ಹರಿಯಿತು. ಗಟ್ಟಿಯಾದ ಆ ಕಪ್ಪು ಅಲೆ ಇಂದಿಗೂ ಬಾಗಿಲ ಬಳಿಯೇ ನಿಂತಿದೆ; ಅದರ ಮೇಲೆ ಕೈಯಿಟ್ಟು ನಾನು ತುಂಬ ಹೊತ್ತು ನಿಂತಿದ್ದೆ.

ಅಲ್ಲಿಂದ ದಕ್ಷಿಣಕ್ಕೆ ಫಲಕಗಳನ್ನು ಓದುತ್ತ ಹೋದರೆ ಕಲ್ಲು ಹೇಗೆ ನೆಲವಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಹೊಸ ಹರಿವಿನ ಮೇಲೆ ಮೊದಲು ಬೂದುಬಣ್ಣದ ಕಲ್ಲುಹೂ, ಬೂಷ್ಟು ಹಿಡಿದಂತೆ. ಆಮೇಲೆ ಬಿರುಕುಗಳಲ್ಲಿ ಜರೀಗಿಡ. ಇನ್ನೂ ಹಳೆಯದರ ಮೇಲೆ ಪೊದೆ, ಅದಕ್ಕೂ ಹಳೆಯದರ ಮೇಲೆ ಕಾಡು. 2007ರ ಹರಿವು ತ್ರಾಂಬ್ಲೆ ಎಂಬ ಹಳ್ಳಿಯ ಬಳಿ ಸಮುದ್ರಕ್ಕೆ ಬಿದ್ದು ದ್ವೀಪಕ್ಕೆ ಹೊಸ ನೆಲವನ್ನೇ ಕೂಡಿಸಿತು. ಹತ್ತಾರು ಮೀಟರ್ ದಪ್ಪದ ಆ ಕಲ್ಲು ಆಮೇಲೆ ಬಹಳ ವರ್ಷ ಒಳಗೆ ಬಿಸಿಯಾಗಿದ್ದು ಮಳೆ ಬಂದಾಗ ಹಬೆ ಬಿಡುತ್ತಿತ್ತು. ನಾನು ಹೋದಾಗ ಸಣ್ಣ ಮಳೆ ಬಂದು ನಿಂತಿತ್ತು. ರಸ್ತೆಯ ಅಂಚಿನಲ್ಲೇ ಒಂದು ಬಿರುಕಿನಲ್ಲಿ ಗೇಣುದ್ದದ ಜರೀಗಿಡವಿತ್ತು. ಅದರ ಬುಡದಲ್ಲಿ ಕೊಳೆತ ಎಲೆಯೂ ಕಲ್ಲಿನ ಪುಡಿಯೂ ಸೇರಿ ಚಮಚದಷ್ಟು ಕಪ್ಪು ಮಣ್ಣು ಕೂಡಿತ್ತು. ಬೆರಳಿನಿಂದ ಮುಟ್ಟಿದೆ. ಎರೆಯಂತೆ ಅಂಟಲಿಲ್ಲ, ಉದುರಿಹೋಯಿತು; ಎರೆಯಾಗಲು ಅದಕ್ಕೆ ಇನ್ನೂ ಬಹಳ ಮಳೆಗಾಲ ಬೇಕು. ಉದುರಿದ್ದನ್ನು ಮತ್ತೆ ಗಿಡದ ಬುಡಕ್ಕೇ ಒತ್ತಿಟ್ಟು ಎದ್ದೆ.